ಒಂದೇ ಚಡಾವು, ಎರಡು ಕಾರು

ಅಪ್ಪ 1978ರಲ್ಲಿ ತಂದ ಪ್ರೀಮಿಯರ್ ಪದ್ಮಿನಿ ಕಾರು ಕಾಸರಗೋಡಿನ ಪೆರ್ಲದ ನಮ್ಮ ಮನೆಯಲ್ಲಿ ಈಗಲೂ ಉಂಟು. ಆಗ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯ ತಾಲೂಕು. ಹೆಸರು ಪದ್ಮಿನಿಯಾದರೂ ಊರಲ್ಲಿ ಎಲ್ಲರಿಗೂ ಅದು ಫಿಯೆಟ್. ಅದರ ಪಕ್ಕ ನನ್ನ 2019ರ ಸ್ವಿಫ್ಟ್. ಯಾವುದು ಒಳ್ಳೆಯದು ಅಂತ ಬಂದವರೆಲ್ಲ ಕೇಳುತ್ತಾರೆ. ಹೋದ ಮೇ ತಿಂಗಳಲ್ಲಿ ಎರಡಕ್ಕೂ ಮೂರು ಮೂರು ಗೋಣಿ ಅಡಿಕೆ ಹಾಕಿ, ತೋಟದಿಂದ ಡಾಮರು ರಸ್ತೆಗೆ ಹತ್ತಿಸಿ ನೋಡಿದೆ.

ಫಿಯೆಟ್ಟಿನದ್ದು 1089 ಸಿ.ಸಿ., ಸ್ವಿಫ್ಟಿನದ್ದು 1197. ತೂಕದಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ಅದರದ್ದು ಸುಮಾರು 40 ಕುದುರೆ ಶಕ್ತಿ, ಇದರದ್ದು 80ಕ್ಕೂ ಜಾಸ್ತಿ. ಸ್ವಿಫ್ಟ್ ಸಲೀಸಾಗಿ ಹತ್ತೀತು ಅಂದುಕೊಂಡಿದ್ದೆ. ಹಿಂದಿನ ರಾತ್ರಿ ಒಂದು ಮಳೆ ಬಿದ್ದಿತ್ತು. ಕೆಂಪು ಮಣ್ಣಿನ ಚಡಾವಿನ ಅರ್ಧದಲ್ಲಿ ಅದರ ಎದುರಿನ ಚಕ್ರ ಸುಮ್ನೆ ತಿರುಗತೊಡಗಿತು. ಗೋಣಿಯ ಭಾರವೆಲ್ಲ ಹಿಂದೆ, ಎಳೆಯುವ ಚಕ್ರ ಮುಂದೆ. ಮೇಲೆ ಹತ್ತುವಾಗ ಮೂತಿ ಇನ್ನೂ ಹಗುರ ಆಗುತ್ತದೆ, ಅಲ್ವಾ? ಎರಡು ಗೋಣಿ ಇಳಿಸಿದ ಮೇಲೆಯೇ ಹತ್ತಿದ್ದು.

ಫಿಯೆಟ್ಟಿಗೆ ಹಿಂದಿನ ಚಕ್ರದಲ್ಲೇ ಎಳೆತ. ಅದೇ ಗೋಣಿ ಅದನ್ನು ನೆಲಕ್ಕೆ ಒತ್ತಿ ಹಿಡಿಯಿತು. ಫಸ್ಟ್ ಗೇರಲ್ಲಿ ಗೊಣಗುತ್ತಾ ಹತ್ತಿಯೇಬಿಟ್ಟಿತು. ನನಗೆ ಖುಷಿಯೋ ಖುಷಿ.

ಖುಷಿ ಉಳಿದದ್ದು ಅರ್ಧ ಗಂಟೆ. ಮಧ್ಯಾಹ್ನದ ಬಿಸಿಲಿಗೆ ಪುತ್ತೂರು ದಾರಿಯಲ್ಲಿ ಎರಡು ಸಲ ಕೆಮ್ಮಿ ನಿಂತಿತು. ಬಾನೆಟ್ ಎತ್ತಿದರೆ ಪೆಟ್ರೋಲ್ ಪಂಪು ಮುಟ್ಟಲಾಗದಷ್ಟು ಬಿಸಿ. ಎಂಜಿನ್ನಿನ ಕಾವಿಗೆ ಪೆಟ್ರೋಲ್ ಆವಿಯಾದರೆ ಪಂಪಿಗೆ ಎಳೆಯಲು ಏನೂ ಸಿಗುವುದಿಲ್ಲ. ಬೈರಾಸು ನೀರಲ್ಲಿ ಅದ್ದಿ ಪಂಪಿಗೆ ಸುತ್ತಿದೆ. ಚುಯ್ ಅಂತ ಹೊಗೆ. ಹತ್ತು ನಿಮಿಷ ಹಲಸಿನ ಮರದ ಬುಡದಲ್ಲಿ ಕೂತು ಸೆಲ್ಫ್ ಕೊಟ್ಟರೆ ಸ್ಟಾರ್ಟ್! ಅಪ್ಪ ಇದನ್ನೇ ಮಾಡುತ್ತಿದ್ದರು. ಈಗಿನ ಪೆಟ್ರೋಲಲ್ಲಿ ಶೇ. 20ರವರೆಗೆ ಎಥನಾಲ್ ಬೇರೆ. ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಪಂಪಿನ ಡಯಾಫ್ರಮ್ಮನ್ನೂ ಪೈಪುಗಳನ್ನೂ ಬದಲಿಸಿಯಾಗಿದೆ.

ಸ್ವಿಫ್ಟ್ ದಾರಿಯಲ್ಲಿ ಒಮ್ಮೆಯೂ ನಿಂತದ್ದಿಲ್ಲ. ಆದರೆ ಹೋದ ವರ್ಷ ಎಂಜಿನ್ ದೀಪ ಹತ್ತಿತು. ಸ್ಕ್ರೂ ಡ್ರೈವರ್ ಹಿಡಿದು ಬಾನೆಟ್ ತೆರೆದೆ; ತಿರುಗಿಸಲು ಏನೂ ಇಲ್ಲ, ಬರೇ ಪ್ಲಾಸ್ಟಿಕ್ ಮುಚ್ಚಳ. ಸ್ಕ್ಯಾನರ್ ಇದ್ದವರು ಬಂದು ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದರು. ನಾನು ಹೌದು ಅಂದೆ, ಇನ್ನೇನು ಹೇಳುವುದು?

ಬ್ರೇಕಿನ ಮಟ್ಟಿಗೆ ಮಾತ್ರ ಹಳೆಯದರ ಪರ ವಾದ ಮಾಡಲಾರೆ. ಫಿಯೆಟ್ಟಿಗೆ ನಾಲ್ಕೂ ಡ್ರಮ್. ಇಳಿಜಾರಲ್ಲಿ ಸೆಕೆಂಡ್ ಗೇರಿಗೆ ಹಾಕಿ, ತಿರುವು ಕಾಣುವ ಮೊದಲೇ ಕಾಲು ಇಡಬೇಕು. ಎದುರಿಂದ ಬಸ್ ಬಂದರೆ ಎದೆ ಡವಡವ. ಮಗಳಿಗೆ ಕೀ ಕೊಡುವಾಗ ಸ್ವಿಫ್ಟಿನದ್ದೇ ಕೊಡುತ್ತೇನೆ.

ಅಮ್ಮನ ಲೆಕ್ಕವೇ ಬೇರೆ. ಗೇರ್ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ ಇರುವ ಹ್ಯಾಂಡ್ ಗೇರ್ ಆದ ಕಾರಣ ಫಿಯೆಟ್ಟಿನ ಎದುರು ಸೀಟು ಉದ್ದಕ್ಕೆ ಬೆಂಚಿನ ಹಾಗೆ. ಅಮ್ಮ, ಅವರ ಕೈಚೀಲ, ಬಾಳೆಎಲೆಯ ಕಟ್ಟು ಎಲ್ಲ ಅಲ್ಲೇ. ಸ್ವಿಫ್ಟ್ ಹತ್ತಿದರೆ ಬೆಲ್ಟ್ ಹಾಕು ಅಂತ ಅದು ಕೂಗುತ್ತದೆ. "ಇದು ಯಾರು ನನಗೆ ಹೇಳಲಿಕ್ಕೆ?" ಅನ್ನುತ್ತಾರೆ.