ಪಿಎಸ್‌ಎ ಜಾಸ್ತಿ ಬಂದಿದೆಯಾ? ಮುಂದೇನು ಮಾಡಬೇಕು

ನಾನು ಯೂರಾಲಜಿ ಓಪಿಡಿಯ ನರ್ಸ್. ಪಿಎಸ್‌ಎ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಪ್ರೋಟೀನ್; ಅದು ಜಾಸ್ತಿ ಇದ್ದರೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯಾ ಎಂದು ಅನುಮಾನಿಸುತ್ತಾರೆ. ಪಿಎಸ್‌ಎ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿನಲ್ಲಿಟ್ಟುಕೊಂಡು ಬಂದವರು ಕೂರುವ ಮೊದಲೇ ಕೇಳುತ್ತಾರೆ, "ಸಿಸ್ಟರ್, ಆಪರೇಷನ್ ಯಾವಾಗ?" ಆ ಮಾತು ಇನ್ನೂ ದೂರ ಇದೆ.

ಮೊದಲು ಇನ್ನೊಮ್ಮೆ ರಕ್ತ ಕೊಡಿ. (ತೀರಾ ಹೆಚ್ಚಿದ್ದರೆ ಡಾಕ್ಟರು ಕಾಯಿಸುವುದಿಲ್ಲ, ಅದು ಬೇರೆ.) ವಯಸ್ಸಾಗಿ ಪ್ರಾಸ್ಟೇಟ್ ಗ್ರಂಥಿ ದಪ್ಪಗಾದರೂ, ಮೂತ್ರದ ಸೋಂಕಾದರೂ, ಮೂತ್ರದ ಕೊಳವೆ (ಕ್ಯಾತಿಟರ್) ಹಾಕಿದರೂ ಪಿಎಸ್‌ಎ ಏರುತ್ತದೆ. ಸೋಂಕಿದ್ದರೆ ವಾಸಿಯಾಗಿ ಆರು ವಾರ ಕಳೆಯಲಿ. ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಸೈಕಲ್ ಬೇಡ, ವೀರ್ಯಸ್ಖಲನವೂ ಬೇಡ. ಈ ಕೊನೆಯದನ್ನು ಹೇಳುವ ಕೆಲಸ ಯಾವಾಗಲೂ ನನ್ನ ಪಾಲಿಗೇ ಬರುತ್ತದೆ. ಕೂದಲಿಗೋ ಮೂತ್ರ ಸಲೀಸಾಗಲೆಂದೋ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ನುಂಗುತ್ತಿದ್ದರೆ ಮುಚ್ಚಿಡಬೇಡಿ. ಆರು ತಿಂಗಳು ನುಂಗಿದರೆ ಪಿಎಸ್‌ಎ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ; ರಿಪೋರ್ಟಿನಲ್ಲಿ 3 ಇದ್ದರೆ ನಾವು ಸುಮಾರು 6 ಅಂತ ಓದಿಕೊಳ್ಳುತ್ತೇವೆ.

ಆಗಲೂ ಏರಿದ್ದರೆ ಎಂಆರ್‌ಐ, ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಅದಾದ ಮೇಲೆ. ಹಿಂದೆಲ್ಲ ನೇರವಾಗಿ ಗ್ರಂಥಿಯ ಹತ್ತು ಹನ್ನೆರಡು ಕಡೆ ಅಂದಾಜಿನ ಮೇಲೆ ಸೂಜಿ ಹಾಕುತ್ತಿದ್ದರು. 2018ರ ಪ್ರಿಸಿಷನ್ ಅಧ್ಯಯನದಲ್ಲಿ ಎಂಆರ್‌ಐ ಮೊದಲು ಮಾಡಿಸಿದ ಗುಂಪಿನ 38% ಜನರಲ್ಲಿ ಚಿಕಿತ್ಸೆಗೆ ಯೋಚಿಸಬೇಕಾದಂಥ ಕ್ಯಾನ್ಸರ್ ಸಿಕ್ಕಿತು, ಹಳೆಯ ಕ್ರಮದಲ್ಲಿ 26%. ಮೇಲಾಗಿ ಎಂಆರ್‌ಐ ಗುಂಪಿನ ಕಾಲುಭಾಗಕ್ಕೂ ಹೆಚ್ಚು ಮಂದಿಗೆ ಸೂಜಿಯ ಗೋಜೇ ಇಲ್ಲ. ಎಂಆರ್‌ಐ ರಿಪೋರ್ಟಿನಲ್ಲಿ ಪಿರಾಡ್ಸ್ ಅಂಕ (ಕ್ಯಾನ್ಸರಿನ ಅನುಮಾನ ಎಷ್ಟೆಂದು 1ರಿಂದ 5ರವರೆಗೆ ಕೊಡುವ ಅಂಕ) ಹುಡುಕಿ: 1, 2 ಬಂದರೆ ಸಾಮಾನ್ಯವಾಗಿ ಕಾಯಬಹುದು, 4, 5 ಬಂದರೆ ಬಯಾಪ್ಸಿ. 3 ಬಂದವರ ತಲೆನೋವು ಜಾಸ್ತಿ. ಗ್ರಂಥಿಯ ಗಾತ್ರಕ್ಕೆ ಪಿಎಸ್‌ಎ ಎಷ್ಟಿದೆ ಅಂತ ತೂಗಿ ನೋಡಬೇಕು.

ಬಯಾಪ್ಸಿ ಗುದದ್ವಾರದೊಳಗಿಂದಲೋ, ವೃಷಣದ ಹಿಂದಿನ ಚರ್ಮದ ಮೂಲಕವೋ ಎಂದು ಕೇಳಿ. ನನ್ನ ಮನೆಯವರಿಗಾದರೆ ಚರ್ಮದ ಮೂಲಕವೇ ಮಾಡಿಸುತ್ತೇನೆ, ಮಲದ ರೋಗಾಣು ತಗಲುವ ಭಯ ಕಡಿಮೆ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಕ್ಕರೆ ಅದು ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ಅಂಕ ಕೊಡುತ್ತಾರೆ. ಗ್ಲೀಸನ್ 6, ಅಂದರೆ ಎಲ್ಲಕ್ಕಿಂತ ಸೌಮ್ಯವಾದ ಗ್ರೇಡ್ ಗ್ರೂಪ್ 1 ಬಂದರೆ ಹೆಚ್ಚಿನವರಿಗೆ ತಕ್ಷಣ ಚಿಕಿತ್ಸೆ ಬೇಡ. ಪಿಎಸ್‌ಎ, ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ ಮಾಡುತ್ತ ಕಣ್ಣಿಟ್ಟಿರುತ್ತಾರೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ, ರೋಗ ಗ್ರಂಥಿಯೊಳಗೇ ಇದ್ದವರಿಗೆ ಆಪರೇಷನ್, ರೇಡಿಯೇಷನ್, ನಿಗಾ, ಯಾವುದನ್ನೇ ಕೊಟ್ಟರೂ 15 ವರ್ಷದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಸುಮಾರು 3% ಮಾತ್ರ. ಚಿಕಿತ್ಸೆಯೇ ಬೇಕಾದರೆ, ವಾರಗಟ್ಟಲೆ ಓಡಾಡುವ ಬದಲು ಐದೇ ಸಿಟ್ಟಿಂಗಿನ ರೇಡಿಯೇಷನ್ ನನಗೆ ಹೊಂದುತ್ತದಾ ಎಂದು ಕೇಳಿ. ಮೂತ್ರ ಸೋರುವುದು, ನಿಮಿರುವಿಕೆ, ಎರಡರ ಬಗ್ಗೆಯೂ ಹೆಂಡತಿಯ ಎದುರೇ ಕೇಳಿ. ಆಮೇಲೆ ಫೋನಿನಲ್ಲಿ ಪಿಸುಗುಟ್ಟುವುದು ತಪ್ಪುತ್ತದೆ.

ಗ್ರೇಡ್ ಜಾಸ್ತಿ ಇದ್ದರೆ ಪಿಎಸ್‌ಎಂಎ (ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲಿರುವ ಪ್ರೋಟೀನ್) ಪೆಟ್ ಸ್ಕ್ಯಾನ್ ಹೇಳಬಹುದು. ಮೂಳೆ ಸ್ಕ್ಯಾನು, ಸಿಟಿಗೆ ಕಾಣದ ಸಣ್ಣ ಹರಡುವಿಕೆಯೂ ಅದರಲ್ಲಿ ಸಿಗಬಹುದು. ಅದು ಹುಡುಕುವ ಪಿಎಸ್‌ಎಂಎ ಪ್ರೋಟೀನಿಗೇ ಅಂಟಿಕೊಂಡು ಒಳಗಿನಿಂದ ವಿಕಿರಣ ಕೊಡುವ ಲ್ಯುಟೀಷಿಯಂ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಹಾರ್ಮೋನ್ ಔಷಧಿಗೂ ಜಗ್ಗದೆ ಹರಡಿದ ರೋಗಕ್ಕೆ.

ರೋಗ ಹರಡಿದ್ದರೆ ಜೀನ್ ಪರೀಕ್ಷೆಯನ್ನೂ ಕೇಳಿ. ಬಿಆರ್‌ಸಿಎ ಎಂಬ ಜೀನಿನಲ್ಲಿ ದೋಷ ಸಿಕ್ಕರೆ ಒಲಾಪರಿಬ್ ಮಾತ್ರೆಯ ದಾರಿ ತೆರೆಯುತ್ತದೆ. ಹುಟ್ಟಿನಿಂದಲೇ ಬಂದ ದೋಷವಾದರೆ ಗಂಡುಮಕ್ಕಳಿಗಷ್ಟೇ ಹೇಳಿ ಸುಮ್ಮನಾಗಬೇಡಿ, ಮಗಳನ್ನೂ ಕರೆದುಕೊಂಡು ಬನ್ನಿ. ಸ್ತನ, ಅಂಡಾಶಯದ ಕ್ಯಾನ್ಸರಿಗೂ ಅದೇ ಜೀನ್ ಕಾರಣವಾಗುತ್ತದೆ.