ಕ್ಯಾರಿಯರ್ ಇಳಿಸಿದ ಮೇಲೆ

ನಮ್ಮದು ತಿಕೋಟಾ ಕಡೆಯ ಊರು. ದ್ರಾಕ್ಷಿ ತೋಟ ಇದೆ. ಮನೆಯಲ್ಲಿ ಏಳು ಸೀಟಿನ ಒಂದು ಡೀಸೆಲ್ ಎಸ್‌ಯುವಿ. ಹೊಲಕ್ಕೂ ಅದೇ, ವಿಜಯಪುರದ ಪೇಟೆಗೂ ಅದೇ, ಜಾತ್ರೆಗೂ ಅದೇ. 2016ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆವು. ಮೊದಲ ಎರಡು ವರ್ಷ ನಾನು ಅದನ್ನು ಸಣ್ಣ ಕಾರು ಓಡಿಸಿದಂತೆಯೇ ಓಡಿಸಿದೆ. ಎತ್ತರದಲ್ಲಿ ಕೂತರೆ ರಸ್ತೆ ದೂರದವರೆಗೆ ಕಾಣುತ್ತದೆ. ತಗ್ಗಿನಲ್ಲಿ ಬಿದ್ದರೂ ಅಷ್ಟಾಗಿ ಗೊತ್ತಾಗಲ್ಲ. ಎದುರಿನವರು ದಾರಿ ಬಿಡುತ್ತಾರೆ. ಏನೂ ಆಗಲ್ಲ ಅನ್ನೋ ಧೈರ್ಯ ತಾನಾಗೇ ಬಂದುಬಿಡುತ್ತದೆ.

ಆ ಧೈರ್ಯ ಇಳಿದದ್ದು 2018ರ ಜನವರಿಯಲ್ಲಿ. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೆವು. ಒಳಗೆ ದೊಡ್ಡವರು, ಮಕ್ಕಳು ಸೇರಿ ಹತ್ತು ಜನ. ಮೇಲೆ ಕ್ಯಾರಿಯರ್ ತುಂಬ ಸಾಮಾನು. ತಪ್ಪೇಲಿ, ಪಡಗ, ಕಟ್ಟಿಗೆ, ಹಾಸಿಗೆ, ನೀರಿನ ಕ್ಯಾನು, ರೊಟ್ಟಿ ಬುಟ್ಟಿ. ಏನಿಲ್ಲ ಅಂದರೂ ನೂರೈವತ್ತು ಕೇಜಿ. ಕೊಲ್ಹಾರದಲ್ಲಿ ಕೃಷ್ಣೆ ದಾಟಿ, ಬೀಳಗಿ ಬಿಟ್ಟು, ಗದ್ದನಕೇರಿ ಕ್ರಾಸಿನಿಂದ ಲೋಕಾಪುರದ ಕಡೆ ತಿರುಗಿದೆವು. ಆಗ ಕಬ್ಬಿನ ಸೀಸನ್ನು. ಬೆಳದಿಂಗಳಿದೆ, ರಸ್ತೆ ಖಾಲಿ ಇದೆ ಅಂತ 80ರಲ್ಲಿ ಹೋಗುತ್ತಿದ್ದೆ.

ಮುಂದೆ ಒಂದು ಕರ್ರಗಿನ ಗೋಡೆ ಎದ್ದು ನಿಂತಂತೆ ಕಂಡಿತು. ಎರಡು ಟ್ರೈಲರ್ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರ್. ಹಿಂದೆ ಒಂದು ಲೈಟ್ ಇಲ್ಲ, ಹೊಳೆಯುವ ಪಟ್ಟಿ ಇಲ್ಲ. ಬಲಕ್ಕೆ ಕಟ್ ಹೊಡೆದೆ. ಎದುರಿಗೆ ಲಾರಿಯ ಲೈಟ್ ಕಂಡಿತು. ತಕ್ಷಣ ಎಡಕ್ಕೆ ಎಳೆದೆ. ಆಗ ಗಾಡಿ ಬಲಕ್ಕೆ ಎಷ್ಟು ವಾಲಿತು ಅಂದರೆ, ಎಡಗಡೆ ಚಕ್ರಗಳು ರಸ್ತೆ ಬಿಟ್ಟು ಹಗುರಾದದ್ದು ನನ್ನ ಕೈಗೆ ಗೊತ್ತಾಯಿತು. ಸ್ಟೇರಿಂಗಿನಲ್ಲಿ ಹಿಡಿತವೇ ಇರಲಿಲ್ಲ. ಒಂದು ಕ್ಷಣ ಅಷ್ಟೇ. ಆಮೇಲೆ ಧಡ್ ಅಂತ ಕೆಳಗೆ ಬಿತ್ತು. ಮೇಲಿನ ಹಗ್ಗ ಹರಿದು ತಪ್ಪೇಲಿಗಳು ರಸ್ತೆ ಮೇಲೆ ಉರುಳುತ್ತಾ ಹೋದವು. ಹಿಂದಿನ ಅಡ್ಡ ಸೀಟಿನಲ್ಲಿದ್ದ ತಮ್ಮನ ಮಗಳ ಹಣೆ ಒಡೆದಿತ್ತು. ಆ ಸೀಟಿಗೆ ಬೆಲ್ಟ್ ಇರಲಿಲ್ಲ. ಅವ್ವ ಏನೂ ಮಾತಾಡಲಿಲ್ಲ. ಕೂಸಿನ ಹಣೆಗೆ ಸೆರಗು ಒತ್ತಿ ಹಿಡಿದು ಕೂತಿದ್ದಳು.

ಊರಿಗೆ ಬಂದ ಮೇಲೆ ಮಿಸ್ತ್ರಿ ಹತ್ತಿರ ಹೋದೆ. ಗಾಡಿಯಲ್ಲಿ ಏನು ತೊಂದರೆ ನೋಡು ಅಂದೆ. ಆತ ಕೆಳಗೆ ಮಲಗಿ ಎಲ್ಲಾ ನೋಡಿ ಎದ್ದು ಬಂದ. "ಗಾಡಿ ಬರೋಬ್ಬರಿ ಐತಿ ಅಣ್ಣಾರ. ಎತ್ತರದ ಗಾಡಿ ಅಂದ್ರ ತಲಿ ಮ್ಯಾಲೆ ಕೊಡ ಹೊತ್ತ ಹೆಣ್ಮಗಳು ಇದ್ದಂಗ. ನೆಟ್ಟಗ ನಡದ್ರ ಹರದಾರಿ ನಡೀತಾಳ. ಗಕ್ಕನ ತಿರಗಿದ್ರ ಕೊಡಾನೂ ಇಲ್ಲ, ಆಕೀನೂ ಇಲ್ಲ. ನೀವು ಆ ಕೊಡದ ಮ್ಯಾಲೆ ಇನ್ನೊಂದು ಕೊಡ ಇಟ್ಟೀರಿ."

ಅವತ್ತೇ ಕ್ಯಾರಿಯರ್ ಬಿಚ್ಚಿಸಿದೆ. ಗಾಡಿಯ ಜೊತೆ ಬಂದ ಪುಸ್ತಕವನ್ನು ಮೊದಲ ಸಲ ತೆರೆದು ಓದಿದ್ದೂ ಅವತ್ತೇ. ಮೇಲೆ ಎಷ್ಟು ಭಾರ ಹಾಕಬಹುದು ಅಂತ ಅದರಲ್ಲಿ ಬರೆದಿರುತ್ತದೆ. ನಾನು ಹಾಕಿದ್ದು ಅದಕ್ಕಿಂತ ಬಹಳ ಜಾಸ್ತಿ. ಭಾರ ಮೇಲೇರಿದಷ್ಟೂ ಗಾಡಿ ಮಗುಚುವುದು ಸುಲಭ. ಅದೇ ಸಾಮಾನನ್ನು ಸೀಟಿನ ಹಿಂದೆ, ನೆಲಕ್ಕೆ ಹತ್ತಿಸಿ, ಬಿಗಿಯಾಗಿ ಕಟ್ಟಿಟ್ಟರೆ ಅಷ್ಟು ವಾಲಲ್ಲ. ಈಗ ಜಾತ್ರೆ ಸಾಮಾನಿಗೆ ಬೇರೆ ಟಂಟಂ ಆಟೋ ಮಾಡುತ್ತೇವೆ. ಒಳಗೆ ಬೆಲ್ಟ್ ಇದ್ದಷ್ಟೇ ಜನ.

ಅಡ್ಡ ಬಂದದ್ದನ್ನು ತಪ್ಪಿಸೋಕೆ ಸ್ಟೇರಿಂಗ್ ತಿರುಗಿಸುವುದು ಎಲ್ಲರಿಗೂ ಸಹಜವಾಗಿ ಬರುತ್ತದೆ. ಎತ್ತರದ ಗಾಡಿಯಲ್ಲಿ ಅದೇ ಮುಳುವಾಗುತ್ತದೆ. ಸ್ಟೇರಿಂಗ್ ನೆಟ್ಟಗೆ ಹಿಡಿದು ಗಟ್ಟಿಯಾಗಿ ಬ್ರೇಕ್ ಒತ್ತಬೇಕು. ಅದಕ್ಕೆ ಮುಂದೆ ಜಾಗ ಬೇಕು, ಜಾಗ ಬೇಕಾದರೆ ವೇಗ ಕಡಿಮೆ ಇರಬೇಕು. 60ರಲ್ಲಿ ಹೋಗುವಾಗ ಕಣ್ಣಿಗೆ ಕಂಡು, ಕಾಲು ಬ್ರೇಕಿಗೆ ಹೋಗಿ, ಗಾಡಿ ನಿಲ್ಲೋಕೆ ಸುಮಾರು 40 ಮೀಟರ್ ಬೇಕು. 80ರಲ್ಲಿ ಸುಮಾರು 60 ಮೀಟರ್. ಜನ ತುಂಬಿದ್ದರೆ, ಟೈರ್ ಸವೆದಿದ್ದರೆ ಇನ್ನೂ ಜಾಸ್ತಿ. ಡಿಪ್ ಲೈಟಿನಲ್ಲಿ ನಮಗೆ ಕಾಣುವುದೇ ಅಷ್ಟು ದೂರ. ಹಾಗಾಗಿ ಕಬ್ಬು ಸಾಗಿಸುವ ದಿನಗಳಲ್ಲಿ ಮುಧೋಳ, ಜಮಖಂಡಿ, ಲೋಕಾಪುರದ ಕಡೆ ರಾತ್ರಿ ಹೋಗಲೇಬೇಕಾದರೆ ನನ್ನ ಮುಳ್ಳು 50 ದಾಟಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಹೊಡೀಲಿ, ಎಡಕ್ಕೆ ಸರಿದು ಬಿಟ್ಟುಕೊಡುತ್ತೇನೆ.

ಇನ್ನು ಟೈರು. ಇದರ ಬಗ್ಗೆ ನಮ್ಮ ಕಡೆ ಒಂದು ತಪ್ಪು ನಂಬಿಕೆ ಬೇರು ಬಿಟ್ಟಿದೆ. ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸಬೇಕು, ಇಲ್ಲಾಂದ್ರೆ ಬರ್ಸ್ಟ್ ಆಗುತ್ತೆ ಅಂತ. ನಾನೂ ಹಾಗೇ ಮಾಡುತ್ತಿದ್ದೆ. ನಿಜ ಅದರ ಉಲ್ಟಾ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿಕೊಳ್ಳುತ್ತದೆ. ಮಡಚಿ ಮಡಚಿ ಒಳಗೇ ಕಾಯುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಕೆಳಗೆ ಡಾಂಬರು ಅದಕ್ಕಿಂತ ಕಾದಿರುತ್ತದೆ, ಒಳಗೆ ಈ ಕಾವು. ಒಡೆಯದೆ ಇನ್ನೇನಾಗುತ್ತದೆ? ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಮುಂದೆ ಎಷ್ಟು, ಹಿಂದೆ ಎಷ್ಟು, ಜನ ತುಂಬಿದಾಗ ಎಷ್ಟು ಅಂತ ಅದರಲ್ಲಿ ಇರುತ್ತದೆ. ಅಷ್ಟೇ ಹಾಕಿಸಬೇಕು. ನೋಡುವುದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಓಡಿ ಬಂದ ಮೇಲೆ ಒತ್ತಡ ಏರಿರುತ್ತದೆ, ಅದು ಸಹಜ. ಏರಿದೆ ಅಂತ ಗಾಳಿ ಬಿಡಬಾರದು. ನಾನು ಒಂದು ಸಣ್ಣ ಮೀಟರ್ ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ. ವಾರಕ್ಕೊಮ್ಮೆ ಚಹಾ ಕುಡಿಯುವ ಮುಂಚೆ ನಾಲ್ಕೂ ಚಕ್ರಕ್ಕೆ ಹಚ್ಚಿ ನೋಡುತ್ತೇನೆ.

ಟೈರಿನ ವಯಸ್ಸೂ ನೋಡಬೇಕು. ಪಕ್ಕೆಯ ಮೇಲೆ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು ಅಂತ ಅರ್ಥ. ನಮ್ಮ ಗಾಡಿಯ ಸ್ಟೆಪ್ನಿ ನೋಡಿದರೆ ಗಾಡಿಯಷ್ಟೇ ವಯಸ್ಸಾಗಿತ್ತು. ಹೂವು, ಅಂದರೆ ರಸ್ತೆಗೆ ತಾಗುವ ಕಡೆಯ ಗೀರು, ಚೆನ್ನಾಗೇ ಇತ್ತು. ಬೆರಳಿನಿಂದ ಪಕ್ಕೆ ಅಗಲಿಸಿದರೆ ಬೇಸಿಗೆಯಲ್ಲಿ ಎರೆ ಹೊಲ ಬಿರಿದಂತೆ ಸಣ್ಣ ಸಣ್ಣ ಬಿರುಕು. ಬಳಸಿಲ್ಲ ಅಂದ ಮಾತ್ರಕ್ಕೆ ರಬ್ಬರ್ ಹೊಸದಾಗಿ ಉಳಿಯಲ್ಲ. ಹೂವಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಆದರೆ ಟೈರ್ ಮುಗಿಯಿತು ಅಂತ ಲೆಕ್ಕ. ನಾನು ಮಳೆಗಾಲಕ್ಕೆ ಅಷ್ಟರವರೆಗೆ ಕಾಯಲ್ಲ, 3 ಮಿಲಿಮೀಟರಿಗೇ ಬದಲಿಸುತ್ತೇನೆ. ದುಡ್ಡು ಹೋಗುತ್ತದೆ, ನಿಜ. ಆದರೆ ಗಾಡಿಯಲ್ಲಿ ರಸ್ತೆಗೆ ತಾಗುವುದು ಆ ನಾಲ್ಕು ಅಂಗೈ ಅಗಲದ ಜಾಗ ಮಾತ್ರ ಅಲ್ವಾ?

ಓಡುವಾಗ ಟೈರ್ ಒಡೆದರೆ ಬ್ರೇಕ್ ಮುಟ್ಟಬಾರದು. ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿದು, ಎಕ್ಸಲರೇಟರ್ ಮೆಲ್ಲಗೆ ಬಿಟ್ಟು, ವೇಗ ತಾನೇ ಇಳಿಯುವವರೆಗೆ ಕಾಯಬೇಕು. ಸೋಲಾಪುರ ರಸ್ತೆಯಲ್ಲಿ ಒಮ್ಮೆ ಹಿಂದಿನ ಟೈರ್ ಒಡೆದಾಗ ನನಗೆ ಇದು ಕೈ ಹಿಡಿಯಿತು. ಟೈರ್ ಬದಲಿಸುವಾಗ ಇನ್ನೊಂದು ಕಷ್ಟ ಎದುರಾಯಿತು. ರಸ್ತೆ ಪಕ್ಕ ಎರೆ ಮಣ್ಣು, ಮುಂಜಾನೆ ಮಳೆ ಆಗಿತ್ತು. ಜ್ಯಾಕ್ ಎತ್ತಿದಷ್ಟೂ ಮಣ್ಣಿನೊಳಗೆ ಇಳಿಯುತ್ತದೆ, ಗಾಡಿ ಮೇಲೇಳಲ್ಲ. ಅಂದಿನಿಂದ ಒಂದಡಿ ಅಗಲದ ದಪ್ಪ ಹಲಗೆ, ಚಕ್ರಕ್ಕೆ ಕೊಡೋಕೆ ಎರಡು ಕಲ್ಲು ಗಾಡಿಯಲ್ಲೇ ಇರುತ್ತವೆ. ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಲ್ಲ, ತಲೆಯಂತೂ ಇಲ್ಲವೇ ಇಲ್ಲ. ಹೊಸ ಚಕ್ರ ಹಾಕಿದ ಮೇಲೆ ನೂರು ಕಿಲೋಮೀಟರ್ ಒಳಗೆ ನಟ್ ಇನ್ನೊಮ್ಮೆ ಬಿಗಿ ಮಾಡಬೇಕು.

ನೀರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಬೋರಿನ ನೀರು ಸವಳು. ಚಹಾ ಮಾಡಿದ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆ. ಅದೇ ನೀರನ್ನು ನಾನು ಎರಡು ಬೇಸಿಗೆ ರೇಡಿಯೇಟರಿಗೆ ಹಾಕಿದೆ. ಮೂರನೇ ಬೇಸಿಗೆ ಝಳಕಿ ದಾಟುವಾಗ ಟೆಂಪರೇಚರ್ ಮುಳ್ಳು ಏರತೊಡಗಿತು. ನಿಲ್ಲಿಸಿ ಬಾನೆಟ್ ಎತ್ತಿದೆ. ಪಕ್ಕದ ಧಾಬಾದ ಹುಡುಗ ಬಕೆಟ್ ನೀರು ತಂದು, "ಮುಚ್ಚಳ ತೆಗೀಲೇನ್ರೀ ಕಾಕಾ?" ಅಂದ. ಕೈ ಹಿಡಿದು ತಡೆದೆ. ಕಾದ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಮುಕ್ಕಾಲು ತಾಸು ಕಾದು, ಕೈಯಿಂದ ಮುಟ್ಟುವಷ್ಟು ಆರಿದ ಮೇಲೆ, ದಪ್ಪ ಬಟ್ಟೆ ಹಾಕಿ ಮೆಲ್ಲಗೆ ತೆಗೆದೆವು. ಗ್ಯಾರೇಜಿನಲ್ಲಿ ಬಿಚ್ಚಿದಾಗ ಒಳಗಿನ ಸಣ್ಣ ನಳಿಕೆಗಳು ಸುಣ್ಣ ಬಳಿದಂತೆ ಕಟ್ಟಿಕೊಂಡಿದ್ದವು. ಈಗ ಕೂಲಂಟ್, ಅದಕ್ಕೆ ಬೆರೆಸೋಕೆ ಡಿಸ್ಟಿಲ್ಡ್ ವಾಟರ್. ಬೇರೆ ನೀರು ಒಂದು ಲೋಟಾನೂ ಹೋಗಲ್ಲ.

ಧೂಳು ಇನ್ನೊಂದು ಕಾಟ. ಏರ್ ಫಿಲ್ಟರನ್ನು 5000 ಕಿಲೋಮೀಟರಿಗೆ ತೆಗೆದು ನೋಡುತ್ತೇನೆ. ಗಾಳಿ ಹೊಡೆಸುವುದಾದರೆ ಒಳಗಿನಿಂದ ಹೊರಗೆ, ಕಡಿಮೆ ಒತ್ತಡದಲ್ಲಿ.

ಬಾದಾಮಿ ಕಡೆ ಹೋಗುವಾಗ ಆದದ್ದನ್ನು ಹೇಳಲೇಬೇಕು. ಸುಗ್ಗಿ ದಿನ. ರೈತರು ಹುರುಳಿ ಬಳ್ಳಿಯನ್ನು ರಸ್ತೆ ಮೇಲೆ ಹಾಸಿದ್ದರು, ಗಾಡಿಗಳು ತುಳಿದು ಕಾಳು ಬೇರೆ ಆಗಲಿ ಅಂತ. ನಾನೂ ರೈತ, ಕಣ ಇಲ್ಲದವರ ಕಷ್ಟ ಗೊತ್ತು. ಎರಡು ಕಡೆ ಅದರ ಮೇಲೆ ಹಾದು ಹೋದೆ. ನಾಲ್ಕೈದು ಕಿಲೋಮೀಟರ್ ಆದ ಮೇಲೆ ಹೊಟ್ಟು ಸುಟ್ಟ ವಾಸನೆ. ಹೊರಗಿನದು ಅಂದುಕೊಂಡೆ. ಹೆಂಡತಿ "ನಮ್ಮ ಗಾಡೀದ ಅದ ನೋಡ್ರಿ, ನಿಂದರ್ಸ್ರಿ" ಅಂದಳು. ನಿಲ್ಲಿಸಿ ಬಗ್ಗಿ ನೋಡಿದೆ. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಬಳ್ಳಿ ಹಗ್ಗ ಹೊಸೆದಂತೆ ಬಿಗಿಯಾಗಿ ಸುತ್ತಿಕೊಂಡಿದೆ. ಅದರ ಒಂದು ತುದಿ ಸೈಲೆನ್ಸರ್ ಪೈಪಿಗೆ ತಾಗಿ ಕೆಂಪಗೆ ಕೆಂಡವಾಗುತ್ತಿದೆ. ಹೊಗೆ ಸಣ್ಣದಾಗಿ ಏಳುತ್ತಿತ್ತು. ಎಲ್ಲರನ್ನೂ ಇಳಿಸಿ ದೂರ ಕಳಿಸಿದೆ. ಸೀಟಿನ ಕೆಳಗೆ ಬೆಂಕಿ ಆರಿಸುವ ಒಂದು ಕೇಜಿಯ ಪುಡಿ ಸಿಲಿಂಡರ್ ಇತ್ತು, ಅದನ್ನು ಹೊಡೆದೆ. ಆರಿತು. ಇನ್ನೈದು ನಿಮಿಷ ಓಡಿಸಿದ್ದರೆ ಡೀಸೆಲ್ ಪೈಪಿನವರೆಗೆ ಹೋಗುತ್ತಿತ್ತೋ ಏನೋ. ಆರಿದ ಮೇಲೆ ಕೀ ತೆಗೆದು, ಚಕ್ರಕ್ಕೆ ಕಲ್ಲು ಕೊಟ್ಟು, ಕುಡಗೋಲಿನಿಂದ ಕೊಯ್ದು ತೆಗೆದೆವು. ಅರ್ಧ ತಾಸು ಹಿಡಿಯಿತು. ಈಗ ರಾಶಿ ಹಾಸಿದ್ದು ಕಂಡರೆ ಪಕ್ಕದಲ್ಲಿ ಜಾಗ ಹುಡುಕುತ್ತೇನೆ. ಜಾಗ ಇಲ್ಲದಿದ್ದರೆ ಹಾದು ಹೋದ ಕೂಡಲೇ ಇಳಿದು ಕೆಳಗೆ ನೋಡುತ್ತೇನೆ. ಸಿಲಿಂಡರಿನ ಮುಳ್ಳು ಹಸಿರಿನಲ್ಲಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡುವುದೂ ರೂಢಿಯಾಗಿದೆ.

"ಡೋಣಿ ಬೆಳೆದರೆ ಓಣೆಲ್ಲ ಕಾಳು" ಅಂತ ನಮ್ಮ ಜಿಲ್ಲೆಯ ಮಾತು. ಡೋಣಿ ನದಿ ತುಂಬಿ ಬಂದಾಗ ಸೇತುವೆ ಮೇಲೂ ನೀರು ಹರಿಯುತ್ತದೆ. ತಾಳಿಕೋಟೆ ಕಡೆ ಒಂದು ಸಂಜೆ ಹಾಗೇ ಆಗಿತ್ತು. ನಿಂತ ಜನ "ದೊಡ್ಡ ಗಾಡಿ ಐತಿ, ದಾಟತೈತಿ, ಹೋಗ್ರಿ" ಅಂತ ಹುರಿದುಂಬಿಸಿದರು. ಹರಿಯುವ ನೀರು ಎರಡು ಅಡಿ ಇದ್ದರೆ ಹೆಚ್ಚಿನ ಎಸ್‌ಯುವಿಗಳನ್ನೂ ಎತ್ತಿ ಒಯ್ಯಬಲ್ಲದು. ಕೆಸರು ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಕಾಣಲ್ಲ. ಇಂಜಿನ್ನಿನೊಳಗೆ ನೀರು ಎಳೆದುಕೊಂಡು ಬಂದ್ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಲೂ ಬಾರದು, ಕನೆಕ್ಟಿಂಗ್ ರಾಡ್ ಬಾಗಿ ಇಂಜಿನ್ ಕೆಡುತ್ತದೆ. ಗಾಡಿ ತಿರುಗಿಸಿ ಬೀಗರ ಮನೆಯಲ್ಲಿ ರಾತ್ರಿ ಉಳಿದೆ.

ವರ್ಷಕ್ಕೊಮ್ಮೆ ಗೋವಾ ಕಡೆ ಹೋಗುವಾಗ ಬೆಳಗಾವಿ, ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳಿಯುತ್ತೇವೆ. ನಮ್ಮ ಬಯಲು ಸೀಮೆಯವರಿಗೆ ಇಳಿಜಾರು ರೂಢಿ ಇರಲ್ಲ. ಕಾಲು ಬ್ರೇಕ್ ಮೇಲೇ ಇರುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಕಾದಾಗ ಆ ತೇವ ಆವಿಯಾಗಿ ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಮುಂದಿನ ಕಬ್ಬಿಣದ ಗಾರ್ಡನ್ನೂ ತೆಗೆಸಿದ್ದೇನೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಅದನ್ನು ಹಾಕಬಾರದು ಅಂತ ಹೇಳಿತ್ತು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದರಿಂದ ಡಿಕ್ಕಿಯ ಏಟು ಸೆನ್ಸರಿಗೆ ಸರಿಯಾಗಿ ತಲುಪದೆ ಹೋಗಬಹುದು. ಅಡ್ಡ ಬಂದ ಮನುಷ್ಯನಿಗಂತೂ ಅದು ಗುದ್ದಲಿ ಏಟೇ ಸರಿ.

ಖಂಡೆ ಪೂಜೆ, ಅಂದರೆ ಆಯುಧ ಪೂಜೆ ದಿನ ನಮ್ಮಲ್ಲಿ ಗಾಡಿ ತೊಳೆದು ಹೂವು ಏರಿಸುತ್ತಾರೆ. ನಾನು ಅವತ್ತು ಬೆಳಿಗ್ಗೆಯೇ ಸ್ಟೆಪ್ನಿ ಕೆಳಗಿಳಿಸಿ ಗಾಳಿ ನೋಡುತ್ತೇನೆ. ಜ್ಯಾಕ್, ಪಾನಾ, ಹಲಗೆ, ಸಿಲಿಂಡರ್ ಎಲ್ಲಾ ಸಾಲಾಗಿ ಇಟ್ಟು ಒರೆಸುತ್ತೇನೆ. ಹೋದ ವರ್ಷ ತಮ್ಮನ ಮಗಳು ಪಕ್ಕದಲ್ಲಿ ಕೂತು ಒಂದೊಂದಕ್ಕೂ ಕುಂಕುಮ ಹಚ್ಚಿದಳು. ಹಣೆ ಮೇಲಿನ ಗೆರೆ ಇನ್ನೂ ಹೋಗಿಲ್ಲ. ಪೂಜೆ ಆದ ಮೇಲೆ ಒಂದು ಸುತ್ತು ಹೋಗೋಣ ಅಂತ ಹತ್ತಿದಳು. ನಾನು ಕೀ ತಿರುಗಿಸುವಷ್ಟರಲ್ಲಿ ಹಿಂದಿನಿಂದ ಟಕ್ ಅಂತ ಸಪ್ಪಳ ಬಂತು. ಬೆಲ್ಟ್ ಹಾಕಿಕೊಂಡಿದ್ದಳು. "ದೊಡ್ಡಪ್ಪಾ, ನಿಂದೂ ಹಾಕ್ಕೋ" ಅಂದಳು.