ಕಡಲ ಕಾಳಗದ ಆಟದಲ್ಲಿ ಕಾಣದಂತಿದ್ದು ಕಾಣುವುದು ಹೇಗೆ?

ಬಸವನಗುಡಿಯ ನಮ್ಮ ಮನೆಯಲ್ಲಿ ಭಾನುವಾರಗಳಂದು ಕಂಪ್ಯೂಟರಿನಲ್ಲಿ ನೌಕಾಯುದ್ಧದ ಆಟವಾಡಲು ಸೇರುವ ಗೆಳೆಯರು ಚದುರಂಗದಲ್ಲಿ ಪಳಗಿದವರು. ಎದುರಾಳಿಯ ಕಾಯಿಗಳೆಲ್ಲ ಕಣ್ಣೆದುರೇ ಇರುತ್ತವೆಂಬ ಅಭ್ಯಾಸವನ್ನು ಬಿಡುವುದೇ ಅವರಿಗೆ ಕಷ್ಟವಾಗುತ್ತದೆ.

‘ಕಮಾಂಡ್: ಮಾಡರ್ನ್ ಆಪರೇಷನ್ಸ್’ನಂಥ ಆಟವನ್ನು ಹೊಸದಾಗಿ ತೆರೆದವರು ಎಲ್ಲ ಹಡಗುಗಳ ರೇಡಾರನ್ನೂ ಒಮ್ಮೆಲೇ ಚಾಲೂ ಮಾಡಿಬಿಡುತ್ತಾರೆ. ರೇಡಾರಿನ ಅಲೆ ಗುರಿಗೆ ಬಡಿದು ಹಿಂದಿರುಗಿದರೆ ಮಾತ್ರ ನಿಮಗೆ ಸುದ್ದಿ ಸಿಗುತ್ತದೆ. ಶತ್ರುವಿಗಾದರೋ ಆ ಅಲೆ ತನ್ನನ್ನು ತಲುಪಿದರೆ ಸಾಕು, ನೀವಿರುವ ದಿಕ್ಕು ತಿಳಿಯುತ್ತದೆ. ಭೂಮಿಯ ಬಾಗು ಇನ್ನೊಂದು ಅಡ್ಡಿ. 25 ಮೀಟರ್ ಎತ್ತರದಲ್ಲಿರುವ ಆಂಟೆನಾ 16 ಮೀಟರ್ ಎತ್ತರದ ಹಡಗನ್ನು ಸುಮಾರು 37 ಕಿಲೋಮೀಟರಿನವರೆಗೆ ಮಾತ್ರ ಹಿಡಿಯಬಲ್ಲದು, ಅಂದರೆ ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಇರುವಷ್ಟು ದೂರ, ಹೆಚ್ಚುಕಡಿಮೆ. ನಿಮ್ಮ ಕ್ಷಿಪಣಿ ಅದರ ಮೂರರಷ್ಟು ಹಾರಬಲ್ಲದಾದರೂ ಗುರಿಯೇ ಕಾಣದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಆದ್ದರಿಂದ ಹಡಗುಗಳ ರೇಡಾರನ್ನು ಆರಿಸಿಡಿ. ಒಂದು ಹೆಲಿಕಾಪ್ಟರನ್ನು ಕೆಳಮಟ್ಟದಲ್ಲಿ ಪಕ್ಕದ ದಿಕ್ಕಿಗೆ ಬಹುದೂರ ಹಾರಿಸಿ, ಅಲ್ಲಿ ಮೇಲಕ್ಕೇರಿಸಿದ ನಂತರವೇ ಅದರ ರೇಡಾರನ್ನು ಚಾಲೂ ಮಾಡಿದರೆ, ಶತ್ರುವಿಗೆ ಹೆಲಿಕಾಪ್ಟರ್ ತಿಳಿದರೂ ನಿಮ್ಮ ಪಡೆ ಎಲ್ಲಿದೆಯೆಂಬುದು ತಿಳಿಯುವುದಿಲ್ಲ. ಶತ್ರುವೇ ರೇಡಾರ್ ಬಳಸುತ್ತಿದ್ದರೆ ಇನ್ನೂ ಒಳ್ಳೆಯದು. ಅವನ ಅಲೆ ಬಂದ ದಿಕ್ಕಿಗೆ ನಿಮ್ಮ ದೂರದೂರದ ಎರಡು ಹಡಗುಗಳಿಂದ ಎಳೆದ ಗೆರೆಗಳು ಕೂಡುವಲ್ಲಿ ಅವನಿದ್ದಾನೆ.

ದಾಳಿಯ ಹೊತ್ತನ್ನೂ ಆರಿಸಿಕೊಳ್ಳಬೇಕು. 1971ರ ಡಿಸೆಂಬರ್ 4ರಂದು ನಿರ್ಘಾತ್, ನಿಪಾತ್ ಮತ್ತು ವೀರ್ ಎಂಬ ಭಾರತದ ಕ್ಷಿಪಣಿ ದೋಣಿಗಳು ಹಗಲೆಲ್ಲ ಕರಾಚಿಯಿಂದ ದೂರವಿದ್ದು ಕತ್ತಲಾದ ಮೇಲೆ ನುಗ್ಗಿದವು, ಏಕೆಂದರೆ ರಾತ್ರಿಯಲ್ಲಿ ಹಡಗನ್ನು ಹುಡುಕಿ ಹೊಡೆಯುವ ಶಕ್ತಿ ಪಾಕಿಸ್ತಾನದ ವಿಮಾನಗಳಿಗೆ ಕಡಿಮೆಯಿತ್ತು. ಅವುಗಳ ಜೊತೆಗೆ ಇಂಧನದ ಹಡಗೊಂದೂ ಹೋಗಿತ್ತು. ಹಿಂದಿರುಗಲು ಬೇಕಾದ ಇಂಧನವನ್ನು ಹೊರಡುವ ಮೊದಲೇ ಲೆಕ್ಕ ಹಾಕಿ.

ವಿಮಾನವಾಹಕ ಹಡಗು ನಿಮ್ಮಲ್ಲಿದ್ದರೆ ಎಲ್ಲ ವಿಮಾನಗಳನ್ನೂ ಒಂದೇ ದಾಳಿಗೆ ಕಳುಹಿಸಬೇಡಿ, ಸಿದ್ಧವಿರುವ ವಿಮಾನಗಳ ಶಸ್ತ್ರಗಳನ್ನು ನಡುವೆ ಬದಲಿಸಲೂ ಬೇಡಿ. 1942ರ ಜೂನ್ 4ರಂದು ಮಿಡ್‌ವೇ ಕದನದಲ್ಲಿ ಜಪಾನಿನ ನೌಕಾಪಡೆ ಪೆಸಿಫಿಕ್ ಸಾಗರದ ಆ ದ್ವೀಪದ ಮೇಲೆ ಇನ್ನೊಂದು ದಾಳಿಗೆಂದು ವಿಮಾನಗಳ ಶಸ್ತ್ರ ಬದಲಿಸುತ್ತಿದ್ದಾಗ ಅಮೆರಿಕದ ಹಡಗುಗಳ ಸುದ್ದಿ ತಡವಾಗಿ ಬಂತು. ಮತ್ತೆ ಸಿದ್ಧವಾಗುವಷ್ಟರಲ್ಲಿ ಬಾಂಬರ್‌ಗಳು ಎರಗಿದವು, ಆ ಕದನದಲ್ಲಿ ಜಪಾನ್ ನಾಲ್ಕು ವಿಮಾನವಾಹಕಗಳನ್ನು ಕಳೆದುಕೊಂಡಿತು. ಆಟದಲ್ಲಿಯೂ ಶಸ್ತ್ರ ಬದಲಾಯಿಸಿದ ವಿಮಾನ ಹೊರಡಲು ಗಂಟೆಗಟ್ಟಲೆ ಹಿಡಿಯುತ್ತದೆ.

ಮೊದಲಿಗೆ ಎರಡು ಮೂರು ಹಡಗುಗಳ ಸನ್ನಿವೇಶ ಸಾಕು. ಎರಡೂ ಪಕ್ಷದಿಂದ ಆಡಬಹುದಾದ ಸನ್ನಿವೇಶವನ್ನೇ ಆರಿಸಿಕೊಂಡು, ಸೋತ ಮೇಲೆ ಅದನ್ನು ಶತ್ರುವಿನ ಕಡೆಯಿಂದ ಆಡಿ, ನಿಮ್ಮ ಪಡೆ ಅವನಿಗೆ ಯಾವ ಗಳಿಗೆಯಲ್ಲಿ, ಯಾವ ಕಾರಣದಿಂದ ಮೊದಲು ಕಾಣಿಸುತ್ತದೆಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.